ನೀರು ಕುಡಿಯದ ಸ್ಲ್ಯಾಬಿಗೆ ಬೋನಸ್ ಯಾಕೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಮನೆ ಕಟ್ಟಿಸಿ ಮಾರುವ ಗುತ್ತಿಗೆದಾರರೇ, ಲೇಔಟ್ ಮಾಲಕರೇ, ನಿಮ್ಮ ಸೈಟ್ ಮ್ಯಾನೇಜರನಿಗೆ ನೀವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ?

ತಿಂಗಳಿಗೆ ಇಷ್ಟು ಪಗಾರ. ದೀಪಾವಳಿಯೊಳಗೆ ಕೀಲಿ ಕೈಗಿಟ್ಟರೆ ಮೇಲಿಷ್ಟು. ಸಿಮೆಂಟು, ಕಬ್ಬಿಣ, ಉಸುಕಿನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು. ಕೇಳಲು ಚೆಂದವಾಗಿಯೇ ಇದೆ.

ಈಗ ಏಪ್ರಿಲ್ ಬಿಸಿಲಲ್ಲಿ ಬೆಟಗೇರಿಯ ಒಂದು ಹೊಸ ಸ್ಲ್ಯಾಬಿನ ಮೇಲೆ ಹತ್ತಿ ನಿಲ್ಲಿ. ಮುಂಜಾನೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಮಧ್ಯಾಹ್ನಕ್ಕೆ ಇಂಗಿ, ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿರುತ್ತದೆ. ಇಂಥ ಒಣ ಸೆಕೆಯಲ್ಲಿ ಕನಿಷ್ಠ 10 ದಿನ, ಮಿಶ್ರ ಸಿಮೆಂಟಾದರೆ 14 ದಿನ ಕ್ಯೂರಿಂಗ್ ಆಗಬೇಕೆಂದು ಐಎಸ್ 456 ಹೇಳುತ್ತದೆ. ನಲ್ಲಿ ನೀರಿಗೇ ದಾರಿ ಕಾಯುವ ಊರು ನಮ್ಮದು, ಟ್ಯಾಂಕರ್ ತರಿಸಬೇಕು. ಒಂದೊಂದು ಟ್ಯಾಂಕರೂ ಮ್ಯಾನೇಜರನ ಬೋನಸ್ಸನ್ನು ತಿನ್ನುತ್ತದೆ. ಆರನೇ ದಿನಕ್ಕೆ ಆತ ನೀರು ನಿಲ್ಲಿಸಿದರೆ ಕಳ್ಳನೆಂದು ಬೈಯಬೇಡಿ, ನೀವು ಬರೆದುಕೊಟ್ಟ ಕರಾರನ್ನು ಆತ ಚೆನ್ನಾಗಿ ಓದಿಕೊಂಡಿದ್ದಾನೆ. ಸೆಂಟ್ರಿಂಗಿನ ಆಸರೆ ಕಂಬಗಳ ಕತೆಯೂ ಇದೇ. ಬಾಡಿಗೆ ಏರುತ್ತಿದೆ, ಮುಂದಿನ ಮನೆಗೆ ಬೇಕು, ಕೀಳು!

ಅದರ ಮೇಲೆ ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯದಲ್ಲಿ ಉಳಿಸಿದ ದುಡ್ಡು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿಕೊಂಡು ಹೊರಬೀಳಲು ಎರಡು ಮಳೆಗಾಲ ಸಾಕು. ಅಷ್ಟೊತ್ತಿಗೆ ಮ್ಯಾನೇಜರ್ ಹುಬ್ಬಳ್ಳಿಯ ಸೈಟಿನಲ್ಲಿರುತ್ತಾನೆ. 2016ರ ರೇರಾ ಕಾಯ್ದೆ, ತನ್ನ ವ್ಯಾಪ್ತಿಗೆ ಬರುವ ಯೋಜನೆಗಳಲ್ಲಿ, ಕಟ್ಟಡದ ರಚನಾ ದೋಷಕ್ಕೆ 5 ವರ್ಷ ನಿಮ್ಮನ್ನು ಹೊಣೆ ಮಾಡುತ್ತದೆ. ನೀವು ಮಾತ್ರ ಅವನ ಲೆಕ್ಕವನ್ನು ಗೃಹಪ್ರವೇಶದ ದಿನವೇ ಚುಕ್ತಾ ಮಾಡುತ್ತೀರಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ನಮ್ಮ ಸೈಟಿನಲ್ಲಿ "ಇವತ್ತು ಸ್ಲ್ಯಾಬ್ ಹಾಕೋದು ಬ್ಯಾಡ್ರಿ" ಅನ್ನುವವನಿಗೆ ಆ ಮಾತಿಗಾಗಿ ನಷ್ಟವಾಗುತ್ತದೆಯೇ ಎಂದು ಕೇಳಿಕೊಳ್ಳಬೇಕಾದವರು ನಾವೇ.

ಆದ್ದರಿಂದ ಸಾಮಾನು ಉಳಿತಾಯದ ಪಾಲನ್ನು ಇವತ್ತೇ ಕಿತ್ತುಹಾಕಿ. ಸಂಸಾರ ನಡೆಯುವಷ್ಟು ಪಗಾರ ತಿಂಗಳು ತಿಂಗಳು ತಪ್ಪದೆ ಕೊಡಿ. ಬೋನಸ್ಸಿನ ಅರ್ಧ ಕೀಲಿ ಕೊಟ್ಟ ದಿನ, ಉಳಿದರ್ಧ ಎರಡು ಮಳೆಗಾಲ ದಾಟಿದ ಮೇಲೆ. "ಆಮೇಲೆ ನೋಡೋಣ" ಎಂಬ ನಿಮ್ಮ ಮಾತನ್ನು ಆತ ನಂಬುವುದಿಲ್ಲ, ನಂಬಲೂಬಾರದು. ಆ ಹಣ ಮೊದಲೇ ಅವನ ಹೆಸರಲ್ಲಿ ಠೇವಣಿಯಾಗಿರಲಿ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲ ಇದು, ಸೊಸೈಟಿಯಲ್ಲಿ ದುಡ್ಡಿಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೌಂಡಿಗಳ ವಾರದ ಬಟವಡೆ ತಡವಾದರೆ, ಯಾರಿಗಾದರೂ ಪೆಟ್ಟಾದರೆ, ಬೋನಸ್ಸಿಗೆ ಕತ್ತರಿ ಬೀಳಲಿ. ಅಪಾಯ ಕಂಡು ಕೆಲಸ ನಿಲ್ಲಿಸಿದ ದಿನಗಳನ್ನು ಮಾತ್ರ ಅವನ ಗಡುವಿನಲ್ಲಿ ಎಣಿಸಬೇಡಿ.

ಮನೆ ಕೊಳ್ಳುವವರೇ, ಚದರಡಿಗೆ ಐವತ್ತು ರೂಪಾಯಿ ಇಳಿಸಲು ಜಗ್ಗಾಡುವಾಗ ಒಂದು ಮಾತು ಕೇಳಿ: ಈ ಸೈಟಿನ ಮ್ಯಾನೇಜರನಿಗೆ ಬೋನಸ್ ಯಾವುದಕ್ಕೆ ಸಿಗುತ್ತದೆ? ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.