ಭೀಮೆಯ ನೀರು, ಬಂಗಲೆಯ ಕೊಳ

ನವೆಂಬರ್ ತಿಂಗಳು ಬಂತೆಂದರೆ ಪುಣೆಯ ನಮ್ಮ ವೇದಿಕೆಗಳ ಮೇಲೆ ಕೃಷ್ಣಾ ಜಲವಿವಾದದ ಮಾತು ಕೇಳಿಬರುವುದು ವಾಡಿಕೆ. ಬಚಾವತ್ ಆಯೋಗದ ತೀರ್ಪನ್ನು ಕಂಠಪಾಠ ಮಾಡಿಕೊಂಡಿರುವವರು ನಮ್ಮಲ್ಲಿದ್ದಾರೆ. ಅವರ ಮಾತಿಗೆ ನಾನೂ ಚಪ್ಪಾಳೆ ತಟ್ಟುತ್ತ ಬಂದಿದ್ದೇನೆ. ಆದರೆ ಇಂಥ ಭಾಷಣಕಾರರಲ್ಲಿ ಕೆಲವರ ಬಂಗಲೆಯ ಹಿತ್ತಿಲಲ್ಲಿ ಈಜುಕೊಳವಿದೆ. ಕೊಳದ ನೀರು ಹಸಿರಾಗುತ್ತಲೇ ಅಷ್ಟನ್ನೂ ಗಟಾರಕ್ಕೆ ಬಿಟ್ಟು, ಟ್ಯಾಂಕರಿನಿಂದ ಹೊಸ ನೀರು ತುಂಬಿಸುವ ಪದ್ಧತಿಯೂ ಇದೆ. ಇವೆರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಆಗ್ರಹ.

ಪುಣೆಗೆ ನೀರುಣಿಸುವ ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ಜಲಾಶಯಗಳೆಲ್ಲ ಮುಠಾ ನದಿ ಮತ್ತು ಅದರ ಉಪನದಿಗಳವು. ಮುಠಾ ನಗರದೊಳಗೆ ಮುಳೆಯನ್ನು ಕೂಡುತ್ತದೆ. ಮುಳಾ-ಮುಠಾ ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ದಾಟಿ, ಪಂಢರಪುರವನ್ನು ಬಳಸಿ, ವಿಜಯಪುರ ಕಲಬುರ್ಗಿ ಸೀಮೆಗೆ ಇಳಿಯುತ್ತದೆ. ಗಾಣಗಾಪುರದಲ್ಲಿ ಭಕ್ತರು ಮೀಯುವುದು, ಸನ್ನತಿಯ ಬೌದ್ಧ ಅವಶೇಷಗಳ ಪಕ್ಕದಲ್ಲಿ ಹರಿಯುವುದು ಇದೇ ನದಿ. ಅದು ಕೊನೆಗೆ ರಾಯಚೂರು ಸೀಮೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಹೀಗಿರುವಾಗ ಕೃಷ್ಣೆಯ ಪಾಲಿಗಾಗಿ ವೇದಿಕೆಯ ಮೇಲೆ ಗುಡುಗುವವರು ಅದೇ ಕೃಷ್ಣೆಯ ತಲೆಗಾಲುವೆಯಲ್ಲಿ ಕುಳಿತಿದ್ದಾರೆ ಎಂಬುದನ್ನು ಭೂಪಟವೇ ಹೇಳುತ್ತದೆ.

ಲೆಕ್ಕ ನೋಡುವುದು ನನ್ನ ಉದ್ಯೋಗವಾದ್ದರಿಂದ ಈ ಲೆಕ್ಕವನ್ನೂ ಮಾಡುತ್ತೇನೆ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಸಾಧಾರಣ ಕೊಳದಲ್ಲಿ 75,000 ಲೀಟರ್ ನೀರು ಹಿಡಿಯುತ್ತದೆ. ಹತ್ತು ಸಾವಿರ ಲೀಟರಿನ ಏಳೂವರೆ ಟ್ಯಾಂಕರು. ಜಲಜೀವನ ಯೋಜನೆಯು ಹಳ್ಳಿಗರಿಗೆ ನಿಗದಿಪಡಿಸಿದ್ದು ದಿನಕ್ಕೆ ತಲಾ 55 ಲೀಟರ್. ಒಮ್ಮೆ ಗಟಾರಕ್ಕೆ ಬಿಟ್ಟ ಒಂದು ಕೊಳವೆಂದರೆ 1,360 ಮಂದಿ ಹಳ್ಳಿಗರ ಒಂದು ದಿನದ ನೀರು. ಮೂರು ತಿಂಗಳಿಗೊಮ್ಮೆ ಬಿಡುವ ಮನೆಗಳನ್ನು ನಾನು ಬಲ್ಲೆ.

ಈಜು ಬೇಡವೆಂದು ನಾನು ಹೇಳುತ್ತಿಲ್ಲ. ಈಜು ಒಳ್ಳೆಯ ವ್ಯಾಯಾಮ. ಡೆಕ್ಕನ್ ಜಿಮ್‌ಖಾನಾದ ಟಿಳಕ ಕೊಳದಲ್ಲಿ ಎಷ್ಟೋ ಮಂದಿ ಪುಣೇಕರರು ಅದನ್ನು ಕಲಿತಿದ್ದಾರೆ. ನನ್ನ ತಕರಾರು ಅಜ್ಞಾನದ ಬಗ್ಗೆ. ಸರಿಯಾಗಿ ನೋಡಿಕೊಂಡ ಕೊಳವನ್ನು ಬರಿದು ಮಾಡುವ ಅಗತ್ಯ ವರ್ಷಗಟ್ಟಲೆ ಬರುವುದಿಲ್ಲ. ನೀರು ಹಸಿರಾಗುವುದು ಪಾಚಿಯಿಂದ. ಪಾಚಿ ಬೆಳೆಯುವುದು ಕ್ಲೋರಿನ್ ಸೋತಾಗ. ಕ್ಲೋರಿನ್ ಸೋಲುವುದು ಬಹುಮಟ್ಟಿಗೆ ನೀರಿನ ಕ್ಷಾರಗುಣ ಏರಿದಾಗ. ರಸಾಯನಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ಹೇಳುತ್ತೇನೆ: ಪಿಎಚ್ 7.2 ಇದ್ದಾಗ ನೀರಿನಲ್ಲಿರುವ ಕ್ಲೋರಿನ್ನಿನ ಮೂರನೆಯ ಎರಡು ಭಾಗ ಕ್ರಿಮಿನಾಶಕ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಇನ್ನಷ್ಟು ಪುಡಿ ಸುರಿಯುವುದು ವ್ಯರ್ಥ. ಪಿಎಚ್ ಇಳಿಸುವುದು ಬುದ್ಧಿವಂತಿಕೆ. ಬಿಸಿಲು ಕ್ಲೋರಿನ್ನನ್ನು ಕೊಲ್ಲುವುದರಿಂದ ಸಂಜೆಯ ಹೊತ್ತಿಗೆ ಹಾಕಬೇಕು. ಮರಳಿನ ಶೋಧಕ ಯಂತ್ರವನ್ನು ದಿನವೂ ಆರೆಂಟು ಗಂಟೆ ನಡೆಸಬೇಕು, ಒತ್ತಡದ ಮುಳ್ಳು ಏರಿದಾಗ ಮಾತ್ರ ಹಿಮ್ಮುಖವಾಗಿ ತೊಳೆಯಬೇಕು. ವಾರಕ್ಕೊಮ್ಮೆ ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಬೇಕು, ಎಲೆಕಸವನ್ನು ಬಲೆಯಿಂದ ತೆಗೆಯಬೇಕು. ರಾತ್ರಿ ಹೊದಿಕೆ ಹಾಸಿದರೆ ಆವಿಯಾಗುವ ನೀರೂ ಉಳಿಯುತ್ತದೆ. ದಿನಕ್ಕೆ ಆರು ಮಿಲಿಮೀಟರ್ ಆವಿಯಾದರೂ ಮೇಲೆ ಹೇಳಿದ ಕೊಳದಿಂದ 300 ಲೀಟರ್ ಹೋಗುತ್ತದೆ. ಇದಕ್ಕೆಲ್ಲ ಬೇಕಾದ್ದು ಪರೀಕ್ಷೆಯ ಒಂದು ಸಣ್ಣ ಪೆಟ್ಟಿಗೆ, ದಿನಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷ ನಮ್ಮ ಯಜಮಾನರಿಗಿಲ್ಲ. ಟ್ಯಾಂಕರಿಗೆ ಫೋನು ಮಾಡುವಷ್ಟು ಹೊತ್ತಿದೆ.

ಇನ್ನು ತೊಳೆಯುವವರ ವಿಷಯ. ಕೊಳ ಬರಿದಾದ ಮೇಲೆ ಆ ಗುಂಡಿಗೆ ಇಳಿಯುವವನು ಯಾರು? ನಾನು ವಾಸಿಸುವ ವಸತಿ ಸಂಕೀರ್ಣದಲ್ಲಿ ಹೋದ ಬೇಸಿಗೆ ಇಳಿದವನು ಅಫಜಲಪುರ ಕಡೆಯ ಹುಡುಗ. ಕೈಗವಚವಿಲ್ಲ, ಬೂಟಿಲ್ಲ, ಒಂದು ಕೈಯಲ್ಲಿ ಆ್ಯಸಿಡ್ಡಿನ ಕ್ಯಾನು, ಇನ್ನೊಂದರಲ್ಲಿ ಬ್ಲೀಚಿಂಗ್ ಪೌಡರಿನ ಬಕೆಟ್ಟು. ಇವೆರಡೂ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಅದು ಗುಂಡಿಯ ತಳದಲ್ಲಿಯೇ, ಅವನ ಮೂಗಿನ ಮಟ್ಟದಲ್ಲಿಯೇ, ಕೂರುತ್ತದೆ. ಮೇಲಕ್ಕೆ ಕರೆದು ಕನ್ನಡದಲ್ಲಿ ವಿಚಾರಿಸಿದೆ. “ಸಾಹೇಬ್ರ, ನಮ್ಮೂರ ಹೊಳ್ಯಾಗ ನೀರಿಲ್ಲಂತ ಇಲ್ಲಿಗಿ ಬಂದೇವ್ರಿ. ಇಲ್ಲಿ ನೋಡಿದ್ರ ನೀರು ಚೆಲ್ಲಲಿಕ್ಕೇ ಪಗಾರ ಕೊಡ್ಲಿಕತ್ತಾರ,” ಎಂದ. ವ್ಯವಸ್ಥಾಪಕ ಮಂಡಳಿಗೆ ನಾನು ಕೊಟ್ಟ ಪತ್ರಕ್ಕೆ ಬಂದ ಉತ್ತರ, ಅವನು ಗುತ್ತಿಗೆದಾರನ ಆಳು ಎಂಬುದಷ್ಟೇ.

ಆಕ್ಷೇಪಗಳು ನನಗೆ ಗೊತ್ತು. ಟ್ಯಾಂಕರಿನ ನೀರು ಹಣ ಕೊಟ್ಟು ಕೊಂಡದ್ದು ಎನ್ನುತ್ತಾರೆ. ಆ ಬಾವಿ, ಕೊಳವೆಬಾವಿಗಳೂ ಇದೇ ಭೀಮಾ ಕೊಳ್ಳದಲ್ಲಿವೆ. ಉಜನಿಯ ಸುತ್ತಲಿನ ಕಬ್ಬಿನ ಮುಂದೆ ಈಜುಕೊಳ ಯಾವ ಲೆಕ್ಕ ಎನ್ನುತ್ತಾರೆ. ಈ ಮಾತು ನಿಜ. ಕಬ್ಬು ಕುಡಿಯುವ ನೀರಿನ ಎದುರು ನಮ್ಮ ಕೊಳಗಳು ಹನಿಯಷ್ಟೇ. ಆದರೆ ಕಬ್ಬು ಬೆಳೆಯುವವನು ರಾಜ್ಯೋತ್ಸವದಲ್ಲಿ ನದಿನ್ಯಾಯದ ಭಾಷಣ ಮಾಡುವುದಿಲ್ಲ. 2016ರ ಬರದಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದಾಗ ಮುಂಬಯಿ ಉಚ್ಚ ನ್ಯಾಯಾಲಯ ಕ್ರಿಕೆಟ್ ಪಂದ್ಯಗಳನ್ನೇ ಮಹಾರಾಷ್ಟ್ರದಿಂದ ಹೊರಗೆ ಕಳಿಸಿತು; ಮೈದಾನಕ್ಕೆ ಹಾಕುವ ನೀರೂ ಹನಿಯೇ ಆಗಿತ್ತು. ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಕೂಡದೆಂದು ಬೆಂಗಳೂರಿನ ಜಲಮಂಡಳಿ 2024ರ ಮಾರ್ಚಿನಲ್ಲಿ ಆಜ್ಞೆ ಹೊರಡಿಸಿತು. 2025ರ ಜನವರಿಯಲ್ಲಿ ಗಿಲಿಯನ್-ಬಾರೆ ರೋಗ ಹಬ್ಬಿದ್ದು ಖಡಕವಾಸಲಾದ ಮಗ್ಗುಲಲ್ಲೇ ಇರುವ ಸಿಂಹಗಡ ರಸ್ತೆಯ ಬಡಾವಣೆಗಳಲ್ಲಿ. ಶುದ್ಧ ನೀರಿನ ಪ್ರಶ್ನೆ ಆಗ ಮನೆಬಾಗಿಲಿಗೇ ಬಂದು ನಿಂತಿತ್ತು.

ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನೊಂದು ಠರಾವು ಮಂಡಿಸಲಿದ್ದೇನೆ. ಕೊಳವುಳ್ಳ ಸದಸ್ಯರು ಮಾರ್ಚಿಯಿಂದ ಮಳೆಗಾಲದವರೆಗೆ ಅದನ್ನು ಬರಿದು ಮಾಡಕೂಡದು. ದುರಸ್ತಿಗಾಗಿ ಬಿಡಲೇಬೇಕಾದಲ್ಲಿ, ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಪರೀಕ್ಷಿಸಿ, ಆ ನೀರನ್ನು ತೋಟಕ್ಕೆ ಹಾಯಿಸಬೇಕು. ತೊಳೆಯಲು ಇಳಿಯುವವನಿಗೆ ಕೈಗವಚ, ಬೂಟು, ಮುಖವಾಡಗಳನ್ನು ಗುತ್ತಿಗೆದಾರನಲ್ಲ, ಮನೆಯ ಯಜಮಾನನೇ ಕೊಡಬೇಕು. ಆ್ಯಸಿಡ್ಡು ಮತ್ತು ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಸಿ ಪಂಪಿನ ಕೋಣೆಗೆ ಅಂಟಿಸಬೇಕು. ಅನುಮೋದಿಸಲು ಒಬ್ಬ ಸದಸ್ಯರು ಬೇಕಾಗಿದ್ದಾರೆ. ಕೊಳವುಳ್ಳವರೇ ಮುಂದೆ ಬಂದರೆ ಇನ್ನೂ ಉತ್ತಮ.