ಧ್ರುವದ ಬಿಳುಪು, ಸೈದಾಪುರದ ಮಾಳಿಗೆ

ಆಗಷ್ಟೇ ಬಿದ್ದ ಹಿಮ ತನ್ನ ಮೇಲಿನ ಬಿಸಿಲಿನಲ್ಲಿ ಶೇ 80ರಿಂದ 90ರಷ್ಟನ್ನು ಆಕಾಶಕ್ಕೇ ಮರಳಿಸುತ್ತದೆ. ಹಿಮ, ಮಂಜುಗಡ್ಡೆ ಕರಗಿದಾಗ ತೆರೆದುಕೊಳ್ಳುವ ಕಡುಬಣ್ಣದ ಸಮುದ್ರ ಮರಳಿಸುವುದು ಶೇ 6ರಷ್ಟನ್ನು ಮಾತ್ರ. ಉಳಿದದ್ದನ್ನು ಹೀರಿ ಕಾದ ನೀರು ಮತ್ತಷ್ಟು ಮಂಜುಗಡ್ಡೆ ಕರಗಿಸುತ್ತದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಈ ಸರಪಳಿ ಅದರ ಮುಖ್ಯ ಕಾರಣಗಳಲ್ಲೊಂದು.

ಬಿಳುಪು ಬಿಸಿಲನ್ನು ಮರಳಿಸುವ, ಕಡುಬಣ್ಣ ಹೀರುವ ಈ ಲೆಕ್ಕ ಹಿಮವನ್ನೇ ಕಾಣದ ಯಾದಗಿರಿ ಜಿಲ್ಲೆಯ ಸೈದಾಪುರಕ್ಕೂ ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತುಕ್ಕು ಹಿಡಿದ ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗದು. ಮಾಸಿದ ಕಾಂಕ್ರೀಟ್ ಮಾಳಿಗೆ ಹಗಲು ಹೀರಿದ ಕಾವನ್ನು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. ಸುಣ್ಣವನ್ನೋ ಬಿಸಿಲು ಮರಳಿಸುವ ಬಿಳಿ ಬಣ್ಣವನ್ನೋ ಬಳಿದರೆ ಕೋಣೆಯ ತಾಪ ಕೆಲವು ಡಿಗ್ರಿ ಇಳಿಯಬಲ್ಲದು. ನೆರೆಯ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆಂದು ಪ್ರತ್ಯೇಕ ನೀತಿ ರೂಪಿಸಿದೆ.

ಮಾಳಿಗೆಗೆ ಸುಣ್ಣ ಬಳಿದರೆ ಧ್ರುವದ ಮಂಜು ಉಳಿಯದು. ಅದಕ್ಕೆ ಕಲ್ಲಿದ್ದಲು, ತೈಲಗಳ ಉರಿ ತಗ್ಗಲೇಬೇಕು. ಆದರೆ ಕೆಳಗೆ ಮಲಗಿರುವ ಬಾಣಂತಿಗೆ, ಅಂಗನವಾಡಿಯ ಮಗುವಿಗೆ ಆಗುವ ಉಪಕಾರ ಈ ಬೇಸಿಗೆಯದೇ. ಜಿಲ್ಲಾಡಳಿತ ಫೆಬ್ರುವರಿಯೊಳಗೆ ಸರ್ಕಾರಿ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಮಾಳಿಗೆಗಳಿಗೆ ಬಿಳಿ ಬಳಿಸಲಿ. ಧೂಳು ಕೂತರೆ ಬಿಳುಪಿನ ಗುಣ ಕುಗ್ಗುತ್ತದೆ. ಆದ್ದರಿಂದ ವರ್ಷವರ್ಷವೂ ತೊಳೆದು ಮತ್ತೆ ಬಳಿಯುವ ಖರ್ಚನ್ನೂ ನಿರ್ವಹಣಾ ಅನುದಾನದಲ್ಲಿ ಸೇರಿಸಲಿ.