‘ದೆಹಲಿಯಷ್ಟಿಲ್ಲ’ ಅಂದರೆ ಸಾಕಾ?

ನವೆಂಬರ್ ಬಂದರೆ ಸಾಕು, ದೆಹಲಿಯ ಹೊಗೆಯ ಫೋಟೋಗಳು ನಮ್ಮ ಗ್ರೂಪುಗಳಲ್ಲಿ ಓಡಾಡೋಕೆ ಶುರುವಾಗುತ್ತವೆ. ‘ಸದ್ಯ, ನಮ್ಮ ಬೆಂಗಳೂರು ಹಾಗಿಲ್ಲಪ್ಪ’ ಅಂತ ನಾವು ನಿರಾಳವಾಗಿ ಉಸಿರು ಬಿಡ್ತೀವಿ. ಆದರೆ ಆ ಉಸಿರನ್ನ ಮತ್ತೆ ಒಳಗೆಳೆದುಕೊಳ್ಳುವಾಗ ಏನೇನು ಒಳಗೆ ಹೋಗುತ್ತೆ ಅಂತ ಯೋಚಿಸಿದ್ದೀವಾ?

ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬಂದು ಮುಖ ಒರೆಸಿಕೊಂಡರೆ ಕರ್ಚೀಫು ಕಪ್ಪಾಗಿರುತ್ತೆ. ಅದು ಕಣ್ಣಿಗೆ ಕಾಣೋ ಕೊಳೆ, ತೊಳೆದರೆ ಹೋಯ್ತು. ಕಾಣದೇ ಇರೋದೇ ಅಪಾಯ. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು; ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ದೊಡ್ಡ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಈ ಕಣಗಳು ಶ್ವಾಸಕೋಶದ ಆಳದ ಗಾಳಿಚೀಲಗಳ ತನಕ ಇಳಿಯುತ್ತವೆ. ಆಸ್ತಮಾ ಇರುವವರಿಗೆ ಉಬ್ಬಸ ಹೆಚ್ಚುತ್ತೆ, ಮಕ್ಕಳ ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗುತ್ತೆ.

‘ಆ್ಯಪ್‌ನಲ್ಲಿ ಹಸಿರು ತೋರಿಸ್ತಿದೆಯಲ್ಲ’ ಅನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಹಾಕಿದ 24 ಗಂಟೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದ ಸೂಚ್ಯಂಕದಲ್ಲಿ 60ರ ತನಕವೂ ‘ತೃಪ್ತಿಕರ’! ಅಂದರೆ ನಾಲ್ಕು ಪಟ್ಟು ಇದ್ದರೂ ತಿಳಿಹಸಿರೇ. ಅದೂ ಇಡೀ ದಿನದ ಸರಾಸರಿ. ಸಿಗ್ನಲ್‌ನಲ್ಲಿ ಬಸ್ಸಿನ ಸೈಲೆನ್ಸರ್ ಹಿಂದೆ ನಿಂತವನ ಮೂಗಿನ ಲೆಕ್ಕ ಅದರಲ್ಲಿ ಸಿಗೋದಿಲ್ಲ. ಟ್ರಾಫಿಕ್ ಪೊಲೀಸರು, ಆಟೋ ಓಡಿಸೋರು, ಬೆಳಗಿನ ಜಾವ ರಸ್ತೆ ಗುಡಿಸೋ ಪೌರಕಾರ್ಮಿಕರು ದಿನವಿಡೀ ಕುಡಿಯೋದು ಇದೇ ಗಾಳಿಯನ್ನ. ಅವರಿಗೆ ಏರ್ ಪ್ಯೂರಿಫೈಯರ್ ಹಾಕಿಕೊಡೋರು ಯಾರು?

ಸರ್ಕಾರ ಬಸ್ಸು, ಮೆಟ್ರೋ ಹೆಚ್ಚಿಸಲಿ, ಕಸ ಸುಡೋರಿಗೆ ದಂಡ ಹಾಕಲಿ. ಇದನ್ನ ಕೇಳೋದು ನಮ್ಮ ಹಕ್ಕು. ಆದರೆ ನಮ್ಮ ಕ್ಯಾಂಪಸ್ಸಿನ ಹಿಂದೆಯೇ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಇಡುವಾಗ ನಾವು ಮೂಗು ಮುಚ್ಚಿಕೊಂಡು ಕ್ಲಾಸಿಗೆ ಹೋಗ್ತೀವಲ್ಲ, ಅದಕ್ಕೆ ಯಾರನ್ನ ಕೇಳೋಣ? ಪ್ರಾಜೆಕ್ಟಿಗೆ ಅಂತ ಏರ್ ಕ್ವಾಲಿಟಿ ಸೆನ್ಸರ್ ಮಾಡ್ತೀವಿ, ಡೆಮೋ ಮುಗಿದ ಮೇಲೆ ಲ್ಯಾಬಿನ ಬೀರುವಿಗೆ ಹಾಕ್ತೀವಿ.

ಅದನ್ನ ಹೊರಗೆ ತೆಗೆಯೋಣ. ಕಾಲೇಜಿನ ಗೇಟಿನಲ್ಲಿ, ತಾರಸಿ ಮೇಲಲ್ಲ, ಮೂಗಿನ ಎತ್ತರದಲ್ಲಿ ಕಟ್ಟೋಣ. ಬೋರ್ಡಿನಲ್ಲಿ ಆ ಸಂಖ್ಯೆಯ ಪಕ್ಕ 15 ಅಂತಲೂ ಬರೆಯೋಣ. ಎಲೆ ಸುಡೋ ಬದಲು ಗೊಬ್ಬರದ ಗುಂಡಿ ತೋಡಿ ಅಂತ ಪ್ರಾಂಶುಪಾಲರಿಗೆ ಪತ್ರ ಕೊಡೋಣ. ಊರಿನ ಗಾಳಿ ಇಷ್ಟರಿಂದಲೇ ಬದಲಾಗಲ್ಲ, ಗೊತ್ತು. ಆದರೆ ಸರ್ಕಾರವನ್ನ ಕೇಳೋಕೆ ಹೋದಾಗ ನಮ್ಮ ಕೈಯಲ್ಲಿ ನಮ್ಮದೇ ಲೆಕ್ಕ ಇರುತ್ತೆ. ಏನಂತೀರಾ?